ಐವತ್ತು ಖಾಲಿ ಚಲನ್‌ಗಳು

೭ ಜನವರಿ ೨೦೧೩, ಸೋಮವಾರ

ಬೆಳಿಗ್ಗೆಯಿಂದ ನಾಲ್ಕು ಜನರ ಮೇಲೆ ಸಿಟ್ಟು ಬಂದಿದೆ, ಇನ್ನೂ ಮಧ್ಯಾಹ್ನದ ಊಟ ಆಗಿಲ್ಲ. ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಡೊಂಬಿವಲಿ ಲೋಕಲ್ ಹತ್ತುವಾಗ ನನ್ನ ಕಾಲು ತುಳಿದು, ನನ್ನನ್ನೇ ದುರುಗುಟ್ಟಿ ನೋಡಿದ ಹೆಂಗಸು ಒಂದು. ಆರು ತಿಂಗಳಿಂದ ಲ್ಯಾಬಿನ ಫ್ಯಾನ್ ರಿಪೇರಿ ಮಾಡಿಸದ ಕಾಲೇಜಿನ ಆಫೀಸಿನವರು ಎರಡು. ನನ್ನ ಗೈಡ್ ಪುಂಡರೀಕಾಕ್ಷ ಸರ್ ಮೂರು. ಅಪ್ಪ ನಾಲ್ಕು.

ಸರ್ ಮೇಲೆ ಏಕೆಂದರೆ, ನಾಲ್ಕು ವರ್ಷದ ಪಿಎಚ್‌ಡಿಯಲ್ಲಿ ಮೊದಲ ಸಲ ನನ್ನ ಪ್ರಯೋಗ ಕಣ್ಣಿಗೆ ಕಾಣುವ ಹಾಗೆ ಗೆದ್ದಿತು, ಅವರು ಮೊಬೈಲಿನಿಂದ ತಲೆ ಎತ್ತಲಿಲ್ಲ. ಇಲ್ಲಿ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಶುಭಂಕರ್ ವೈರ್ಸ್ ಎಂಬ ಫ್ಯಾಕ್ಟರಿ ಇದೆ. ಕಬ್ಬಿಣದ ತಂತಿಯ ತುಕ್ಕನ್ನು ಅವರು ಆಸಿಡ್‌ನಲ್ಲಿ ತೊಳೆಯುತ್ತಾರೆ. ತೊಳೆದು ತೊಳೆದು ಆ ಆಸಿಡ್ ಕೆಲಸಕ್ಕೆ ಬಾರದ ಕಂದು ನೀರಾಗುತ್ತದೆ, ಅದರ ತುಂಬ ಕಬ್ಬಿಣ. ಎಲ್ಲರೂ ಮೂಗು ಮುಚ್ಚಿಕೊಳ್ಳುವ ಆ ಕೊಳೆಯನ್ನು ನಾನು ಕ್ಯಾನಿನಲ್ಲಿ ತಂದು ಕಪ್ಪು ಪುಡಿ ಮಾಡುತ್ತೇನೆ. ಕೂದಲೆಳೆಯ ದಪ್ಪವನ್ನು ಎಂಟು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟು ಅದರ ಕಣ. ಇವತ್ತು ಕ್ರೋಮಿಯಂ ವಿಷದಿಂದ ಹಳದಿಯಾದ ನೀರಿಗೆ ಒಂದು ಚಿಟಿಕೆ ಹಾಕಿ ಕಲಕಿದೆ. ಗ್ಲಾಸಿನ ಹೊರಗಿನಿಂದ ಆಯಸ್ಕಾಂತ ಹಿಡಿದೆ. ಪುಡಿಯೆಲ್ಲ ವಿಷವನ್ನು ಹಿಡಿದುಕೊಂಡೇ ಗೋಡೆಗೆ ಬಂದು ಅಂಟಿತು. ಉಳಿದದ್ದು ತಿಳಿನೀರು. ನನಗೆ ಕುಣಿಯಬೇಕು ಅನ್ನಿಸಿತು.

"ಚೆನ್ನಾಗಿದೆ ಕಣಮ್ಮ. ಇನ್ನೊಂದ್ಸಲ ಮಾಡಿ ನೋಡು" ಎಂದರು ಸರ್. ಅಷ್ಟೇ.

ಅಪ್ಪನಿಗೆ ಫೋನ್ ಮಾಡಿದೆ. "ಒಳ್ಳೇದಾಯ್ತು ಮಗಾ. ಭಾನುವಾರ ಹೋಟೆಲಿನ ಕೌಂಟರಿಗೆ ಬಾ. ಪ್ರಥಮನಿಗೆ ಕ್ರಿಕೆಟ್ ಉಂಟಂತೆ" ಎಂದರು. ತಮ್ಮನಿಗೆ ಕ್ರಿಕೆಟ್, ಅಕ್ಕನಿಗೆ ಗಲ್ಲಾಪೆಟ್ಟಿಗೆ. ಮೂವತ್ತೊಂದು ವರ್ಷವಾಯಿತು ನನಗೆ.

೨೦ ಜನವರಿ, ಭಾನುವಾರ

ಹೋಗುವುದಿಲ್ಲ ಎಂದು ಹಟ ಮಾಡಿ, ಕೊನೆಗೆ ಹೋದೆ. ವರ್ತಕ ನಗರದ ಮನೆಯಿಂದ ಕಳವಾಕ್ಕೆ ಬಸ್ಸಿನಲ್ಲಿ ನಿಂತೇ ಬಂದದ್ದು. ಸ್ಟೇಷನ್ ಎದುರಿನ ನಮ್ಮ ಹೋಟೆಲಿನಲ್ಲಿ ಭಾನುವಾರ ಬನ್ಸ್‌ಗೆ ಕ್ಯೂ ನಿಲ್ಲುತ್ತದೆ. ಜಯಶೀಲ ಶೆಟ್ರು ಬಂದರು. ಕಾರ್ಕಳದ ಕಡೆಯವರು, ಶುಭಂಕರ್ ವೈರ್ಸ್‌ನಿಂದ ಹೊರಗೆ ಹೋಗುವ ಮಾಲಿಗೆಲ್ಲ ಅವರೇ ಜವಾಬ್ದಾರಿ. ನನಗೆ ಆ ಆಸಿಡ್ ಕೊಡಿಸಿದ್ದೂ ಅವರೇ. ನಮ್ಮ ಊರಿನ ಹುಡುಗಿ ಎಂದು ಮಾಲೀಕರ ಹತ್ತಿರ ಹೇಳಿ, ತಿಂಗಳಿಗೆ ಎರಡು ಕ್ಯಾನು.

ಬನ್ಸ್ ಮುರಿಯುತ್ತ ಚಲನ್ ಪುಸ್ತಕ ನನ್ನ ಕಡೆ ತಳ್ಳಿದರು. ಫ್ಯಾಕ್ಟರಿಯಿಂದ ಕೊಳೆ ಹೊರಗೆ ಹೋದರೆ, ಅದು ಎಲ್ಲಿಗೆ ಹೋಯಿತು, ಯಾರು ತೆಗೆದುಕೊಂಡರು ಎಂದು ಚಲನ್ ಇರಬೇಕು. ಸರ್ಕಾರದ ನಿಯಮ.

"ಎರಡು ಕ್ಯಾನಿಗೆಲ್ಲ ನಾನು ಸಹಿಗೆ ಅಂತ ಕಾಲೇಜಿಗೆ ಓಡುದು ಎಂತಕ್ಕೆ ಶ್ರೀವಾಣಿ? ಒಂದೇ ಸರ್ತಿ ಎಲ್ಲದಕ್ಕೂ ಹಾಕಿ ಕೊಡು. ತಾರೀಕು, ಲೀಟರ್ ಎಲ್ಲ ನಾವು ಆಮೇಲೆ ಬರ್ಕೊಳ್ತೇವೆ."

ಹಾಕಿದೆ. ಇದು ನನಗೆ ಹೊಸದಲ್ಲ. ನಮ್ಮ ಹೋಟೆಲಿಗೆ ಹಾಲು ಬೆಳಗಿನ ಜಾವ ಬರುತ್ತದೆ, ಅಪ್ಪ ಪೂಜೆಯಲ್ಲಿರುತ್ತಾರೆ. ಹಾಗಾಗಿ ಒಂದನೇ ತಾರೀಕಿಗೇ ಇಡೀ ತಿಂಗಳ ಮೂವತ್ತು ಚಲನ್‌ಗಳಿಗೆ ಸಹಿ ಹಾಕಿ ಇಟ್ಟುಬಿಡುತ್ತಾರೆ. ತರಕಾರಿಗೂ ಹಾಗೆ, ಗ್ಯಾಸಿಗೂ ಹಾಗೆ. ನನಗೆ ಒಂಬತ್ತು ವರ್ಷವಾದಾಗಿನಿಂದ ಅಪ್ಪನ ಬದಲು ಎಷ್ಟೋ ಸಲ ಆ ಸಹಿ ನಾನೇ ಹಾಕುತ್ತಿದ್ದೆ, ನನ್ನ ಅಕ್ಷರ ಚೆಂದ ಎಂದು. ಐವತ್ತು ಹಾಳೆ ಮುಗಿಸಲು ಹತ್ತು ನಿಮಿಷ ಹಿಡಿಯಲಿಲ್ಲ. ಲ್ಯಾಬಿನ ಸೀಲು ಬ್ಯಾಗಿನಲ್ಲೇ ಇತ್ತು, ಅದನ್ನೂ ಒತ್ತಿದೆ. ನಡುವೆ ಪೆನ್ನು ಕೈಕೊಟ್ಟು ಸಿಟ್ಟು ಬಂತು. ಪ್ರಥಮನ ಪೆನ್ನು. ಅವನ ಯಾವ ವಸ್ತು ನೆಟ್ಟಗಿದೆ?

೩ ಫೆಬ್ರವರಿ, ಭಾನುವಾರ

ಮತ್ತೆ ಕೌಂಟರು. ಪಾತ್ರೆ ತೊಳೆಯುವ ವಿಮಲಾ ಒಂದು ಗಂಟೆ ತಡ. ವಿಜಾಪುರದ ಕಡೆಯವಳು, ದಿಘಾ ಕಡೆ ಹೋಗುವ ರಸ್ತೆಯ ನಾಲೆಯ ಪಕ್ಕದ ಒಂದು ಕೋಣೆಯ ಖೋಲಿಯಲ್ಲಿ ಮನೆ. ಎಲ್ಲ ಪ್ಲೇಟು ರಾಶಿಬಿದ್ದು ಅಪ್ಪನೇ ತೊಳೆಯಲು ಕೂತರು, ನನಗೆ ತಲೆ ಕೆಟ್ಟುಹೋಯಿತು. ಬಂದವಳು ನನ್ನ ಮುಂದೆ ಒಂದು ಬಾಟಲಿ ನೀರು ಇಟ್ಟಳು.

"ಅಕ್ಕಾರ, ನೀವು ನೀರು ಪರೀಕ್ಷಾ ಮಾಡ್ತೀರಂತಲ್ರೀ. ನಮ್ಮ ಬೋರಿಂಗ್ ನೀರಿಗೆ ಏನೋ ಆಗೇತಿ. ಬಿಳಿ ಬಟ್ಟಿ ಒಗದ್ರ ಹಳದಿ ಆಗ್ತಾವ, ಮುಖಾ ತೊಳದ್ರ ಕಣ್ಣು ಉರೀತಾವ."

ನಾನು ನೀರಿನ ಡಾಕ್ಟರಾ? ನಾಲೆಗೆ ಇವರೇ ಹಾಕುವ ಕಸ ಕಡಿಮೆಯೇ? ಹಾಗೆಂದು ಬಾಯಿಗೆ ಬಂದದ್ದನ್ನು ಅಪ್ಪನ ಮುಖ ನೋಡಿ ನುಂಗಿಕೊಂಡೆ. ಬಾಟಲಿ ಬ್ಯಾಗಿನಲ್ಲಿ ಸೋರಿ ನೋಟ್ಸ್ ಒದ್ದೆಯಾದವು.

೧೨ ಫೆಬ್ರವರಿ, ಮಂಗಳವಾರ

ನಾನು ಕಳಿಸಿದ ಸಂಶೋಧನಾ ಪೇಪರಿಗೆ ವಿಜ್ಞಾನ ಪತ್ರಿಕೆಯವರ ಪ್ರಶ್ನೆ ಬಂದಿದೆ. ಲ್ಯಾಬಿನಲ್ಲಿ ನೀವೇ ವಿಷ ಕಲಸಿ ನೀವೇ ತೆಗೆದರೆ ಏನು ದೊಡ್ಡದು, ನಿಜವಾದ ಕೊಳಕು ನೀರಿನಲ್ಲಿ ಮಾಡಿ ತೋರಿಸಿ ಎಂದು ಕೇಳಿದ್ದಾರೆ. ಎಲ್ಲೋ ಎಸಿಯಲ್ಲಿ ಕೂತವನಿಗೆ ಕೇಳುವುದಕ್ಕೇನು, ಹಲ್ಲು ಕಡಿದೆ. ಆಗ ವಿಮಲಾಳ ಬಾಟಲಿ ನೆನಪಾಯಿತು. ಕಪಾಟಿನ ಕೆಳಗೆ ಬಿದ್ದಿತ್ತು. ನೋಡಿದರೆ ಕ್ರೋಮಿಯಂ ಇರಬೇಕಾದ್ದಕ್ಕಿಂತ ನಲವತ್ತು ಪಟ್ಟು! ನನ್ನ ಪುಡಿ ಹಾಕಿದೆ, ಎರಡು ಸುತ್ತಿನಲ್ಲೇ ಶುದ್ಧ. ಸ್ಯಾಂಪಲ್ ಬಹಳ ಚೆನ್ನಾಗಿದೆ. ಪೇಪರಿಗೆ ಹೊಸದೊಂದು ಟೇಬಲ್ ಆಯಿತು. ಇನ್ನೆರಡು ಬಾಟಲಿ ತರಲು ಅವಳಿಗೆ ಹೇಳಬೇಕು.

೨೧ ಫೆಬ್ರವರಿ, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಪೇಪರಿಗೆಂದು ಆ ನೀರಿನಲ್ಲಿ ಇನ್ನೇನೇನಿದೆ ಎಂದು ಪೂರ್ತಿ ನೋಡಿದೆ. ಕಬ್ಬಿಣ, ಸತು, ಕ್ರೋಮಿಯಂ. ಒಂದಕ್ಕೊಂದರ ಪ್ರಮಾಣ ನೋಡಿ ನನ್ನ ಹಳೆಯ ನೋಟ್‌ಬುಕ್ ತೆಗೆದೆ. ನಾಲ್ಕು ವರ್ಷದಿಂದ ನಾನು ಅಳೆಯುತ್ತಿರುವ ಪ್ರಮಾಣ ಅದು. ನಮ್ಮ ಹೋಟೆಲಿನ ಅಡುಗೆ ಭಟ್ಟರು ಸಾಂಬಾರಿನ ವಾಸನೆಯಲ್ಲೇ ಇದು ತನ್ನದು ಎಂದು ಹೇಳುತ್ತಾರಲ್ಲ, ಹಾಗೆ ಇದು ನನ್ನ ಕ್ಯಾನಿನದೇ ಎಂದು ಗೊತ್ತಾಯಿತು. ಮೂರು ಸಲ ಅಳೆದೆ.

ಮಧ್ಯಾಹ್ನ ರಿಕ್ಷಾ ಹಿಡಿದು ನೇರ ಶುಭಂಕರ್ ವೈರ್ಸ್‌ಗೆ ಹೋದೆ. ಜಯಶೀಲಣ್ಣ ಚಹಾ ತರಿಸಿದರು. ನಿಮ್ಮ ಆಸಿಡ್ ಕಳವಾ ನಾಲೆಯಲ್ಲಿ ಏನು ಮಾಡುತ್ತಿದೆ ಎಂದು ಕೇಳಿದೆ.

"ನಮ್ಮದು ಅಲ್ಲಿಗೆ ಎಂತಕ್ಕೆ ಹೋಗ್ತದೆ ಮಾರಾಯ್ತಿ? ನಮ್ಮದೆಲ್ಲ ನಿನ್ನ ಕಾಲೇಜಿಗೇ ಹೋಗಿದೆಯಲ್ಲ" ಎಂದು ನಕ್ಕು ಫೈಲು ತೆರೆದರು.

ಮೂವತ್ತೊಂದು ಚಲನ್. ಪ್ರತಿಯೊಂದರಲ್ಲೂ ಒಂಬತ್ತು ಸಾವಿರ ಲೀಟರ್. ಒಂದೊಂದು ಟ್ಯಾಂಕರ್. ಸಂಶೋಧನೆಗಾಗಿ ಮರುಬಳಕೆ, ಪಡೆದವರು ಶ್ರೀವಾಣಿ ರಾವ್. ಕೆಳಗೆ ನನ್ನ ಚೆಂದದ ಅಕ್ಷರ, ನಮ್ಮ ಲ್ಯಾಬಿನ ಸೀಲು. ಸಹಿ ಹಾಕಿದ ಮೇಲೆ ನಾನು ತಂದದ್ದು ಎರಡು ಕ್ಯಾನು.

"ಸರಿಯಾದ ಕಡೆ ಕಳಿಸಿ ಶುದ್ಧ ಮಾಡಿಸುದಕ್ಕೆ ಎಷ್ಟು ತಾಪತ್ರಯ ಗೊತ್ತುಂಟಾ? ಮೇಲಿನವರು ಹೇಳಿದ್ದು ನಾನು ಮಾಡುದು. ನೀನು ಸುಮ್ಮನೆ ಇದ್ದರೆ ಯಾರಿಗೂ ಎಂತ ಆಗುದಿಲ್ಲ. ನಾವು ನಾವೇ ಅಲ್ವಾ?"

ಆ ಚಹಾ ಅವರ ಮುಖಕ್ಕೆ ಎರಚಬೇಕಿತ್ತು. ಕುಡಿದು ಬಂದೆ. ನನ್ನ ತಪ್ಪೇನು? ನಾನು ಬರೀ ಸಹಿ ಹಾಕಿದ್ದು. ಬರೆದವರು ಅವರು, ಸುರಿದವರು ಅವರು. ಕಳ್ಳರು. ಹಡಬೆಗಳು.

೨೨ ಫೆಬ್ರವರಿ, ಶುಕ್ರವಾರ

ಇವತ್ತೂ ಸಿಟ್ಟು ಇಳಿದಿಲ್ಲ. ಅಪ್ಪನ ಮೇಲೆ ಹರಿಹಾಯ್ದೆ. ಎಲ್ಲ ನೀವು ಕಲಿಸಿದ್ದೇ, ಕಣ್ಣುಮುಚ್ಚಿ ಸಹಿ ಹಾಕುವುದು ನಮ್ಮ ಮನೆಯ ವಿದ್ಯೆ ಎಂದೆ. ಅಪ್ಪನಿಗೆ ತಲೆಬುಡ ಅರ್ಥವಾಗಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ. ನಡುವೆ ಪ್ರಥಮ, "ದೀದಿ, ಚಿಲ್ಲಾ ಕ್ಯೂಂ ರಹೀ ಹೈ?" ಎಂದು ನನ್ನ ಕಿರುಚಾಟ ಕೇಳಿ ಬಾಗಿಲಲ್ಲಿ ಬಂದು ನಿಂತ. ಅವನಿಗೂ ಸಿಕ್ಕಿತು.

೪ ಮಾರ್ಚ್, ಸೋಮವಾರ

ಹತ್ತು ದಿನ ತಡೆದು, ಸರ್‌ಗೆ ಎಲ್ಲ ಹೇಳಿದೆ. ಬಾಗಿಲು ಹಾಕಿಕೊಂಡು ಬಂದು ಕೂತರು. ಫ್ಯಾಕ್ಟರಿಯವರು ಅವರನ್ನು ಆಗಲೇ ನೋಡಿ ಹೋಗಿದ್ದಾರೆ!

"ನೋಡಮ್ಮ, ಸುಮ್ನೆ ಎಮೋಷನಲ್ ಆಗ್ಬೇಡ. ಅವ್ರೇ ಒಂದು ಯೂನಿಟ್ ಹಾಕ್ಕೊಡ್ತೀವಿ ಅಂತಿದ್ದಾರೆ, ಮಹಾಪೆಯಲ್ಲಿ ಜಾಗಾನೂ ನೋಡಿದ್ದಾರೆ. ನೀನೇ ಹೆಡ್ಡು. ಈಗ ಗ್ರಾಂ ಲೆಕ್ಕದಲ್ಲಿ ಮಾಡ್ತಿರೋ ಪುಡಿ ಟನ್ನುಗಟ್ಟಲೆ ಆಗತ್ತೆ. ಎಷ್ಟು ಜನಕ್ಕೆ ಒಳ್ಳೇ ನೀರು ಸಿಗತ್ತೆ, ಯೋಚ್ನೆ ಮಾಡು."

"ಅವರು ಮೊದಲು ನೀರಿಗೆ ಸುರಿಯುವುದು, ನಾವು ಆಮೇಲೆ ತೆಗೆಯುವುದಾ ಸರ್?"

"ಯೂನಿಟ್ ಆದ್ಮೇಲೆ ಸುರಿಯಲ್ಲ. ಎರಡು ವರ್ಷ ತಾಳ್ಕೋ. ಈಗ ನೀನು ಬಾಯಿಬಿಟ್ರೆ ಫಸ್ಟು ಹೋಗೋದು ನಿನ್ನ ಪಿಎಚ್‌ಡಿ ರಿಜಿಸ್ಟ್ರೇಷನ್ನು."

ಎದ್ದು ಬಂದೆ. ಸರ್ ಮೇಲೆ ಸಿಟ್ಟು ಬಂದದ್ದು ಅವರು ಹಾಗೆ ಹೇಳಿದರು ಎಂದಲ್ಲ. ನನ್ನ ಮಾತಿಗೆ ಉತ್ತರ ಅವರ ಹತ್ತಿರ ಇತ್ತು, ಆ ಉತ್ತರ ನನಗೆ ಇಷ್ಟವಾಯಿತು. ಮಹಾಪೆ, ಯೂನಿಟ್ಟು, ನಾನೇ ಹೆಡ್ಡು. ರೈಲಿನಲ್ಲಿ ಠಾಣೆಯವರೆಗೆ ಅದನ್ನೇ ನೆನೆಯುತ್ತ ಬಂದೆ.

೧೨ ಮಾರ್ಚ್, ಮಂಗಳವಾರ

ಪೇಪರ್ ಒಪ್ಪಿಗೆಯಾಯಿತು. ಸರ್ ಪೇಡಾ ಹಂಚಿದರು.

೧೪ ಮಾರ್ಚ್, ಗುರುವಾರ

ಬೆಳಿಗ್ಗೆ ಏಳಕ್ಕೆ ಕಳವಾ ನಾಲೆಯಲ್ಲಿ ಗ್ಯಾಸ್ ಎದ್ದಿದೆ, ಕೊಳಚೆಗೆ ಆಸಿಡ್ ಬಿದ್ದರೆ ಏಳುವಂಥದ್ದು. ನೀರು ಹಿಡಿಯುವ ಹೊತ್ತು, ಹೆಂಗಸರೆಲ್ಲ ಬೋರಿಂಗ್ ಹತ್ತಿರ. ಹನ್ನೊಂದು ಜನ ಆಸ್ಪತ್ರೆಯಲ್ಲಿದ್ದಾರೆ. ಅವರಲ್ಲಿ ವಿಮಲಾ ಒಬ್ಬರು. ಉಸಿರು ಸರಿಯಾಗಿದೆ, ಎಡಗಣ್ಣಿಗೆ ಬ್ಯಾಂಡೇಜು.

ಒಂದು ಟ್ಯಾಂಕರ್ ಬಂದು ಹೋದದ್ದನ್ನು ನೋಡಿದವರಿದ್ದಾರೆ.

೧೫ ಮಾರ್ಚ್, ಶುಕ್ರವಾರ

ಕಾಲೇಜಿಗೆ ಹೋಗಲಿಲ್ಲ. ನಮ್ಮ ಹೋಟೆಲಿನಲ್ಲಿ ಪಾತ್ರೆ ತೊಳೆಯುವವರಿಲ್ಲ, ತೊಳೆಯುತ್ತ ಕೂತಿದ್ದೆ. ಮೂರು ಗಂಟೆಗೆ ಗಿರಾಕಿ ಕಡಿಮೆಯಾದಾಗ ಅಪ್ಪನಿಗೆ ಮೊದಲಿನಿಂದ ಬಿಡಿಸಿ ಹೇಳಿದೆ. ಈ ಸಲ ಕೂಗಾಡಲಿಲ್ಲ.

ಅಪ್ಪ ಗಲ್ಲಾಪೆಟ್ಟಿಗೆ ಮುಚ್ಚಿ ನನ್ನ ಎದುರು ಬಂದು ಕೂತರು. ನಾನೇ ಕೇಳಿದೆ, "ನೀವು ನಲವತ್ತು ವರ್ಷ ಖಾಲಿ ಚಲನ್‌ಗೆ ಸಹಿ ಹಾಕಿದ್ದೀರಿ. ನಿಮಗೆ ಯಾರೂ ಮೋಸ ಮಾಡ್ಲಿಲ್ಲ. ನನಗೇ ಯಾಕೆ?"

"ಮೋಸ ಮಾಡ್ಲಿಲ್ಲ ಅಂತ ನಿನಗೆ ಯಾರು ಹೇಳಿದ್ದು?" ಎಂದರು. "ಎಷ್ಟೋ ಸರ್ತಿ ಹಾಲು ಕಮ್ಮಿ ಬಂದದ್ದುಂಟು. ನೀರು ಬೆರೆಸಿದ್ದೂ ಉಂಟು. ಗೊತ್ತಾಗುದಿಲ್ವಾ ನಂಗೆ? ಹೋದದ್ದು ನನ್ನದು, ಅದಕ್ಕೆ ಸುಮ್ಮನೆ ಇದ್ದೆ. ನಮ್ಮದು ಹೋದ್ರೆ ನಾವು ಬಿಡ್ಬಹುದು ಮಗಾ. ಇದು ಬೇರೆಯವರ ಕಣ್ಣು. ಇದನ್ನು ನೀನು ಹೇಗೆ ಬಿಡ್ತಿ?"

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಬರೆಯಲು ಹೊರಟು ಸುಮ್ಮನಾದೆ. ಇಪ್ಪತ್ತೊಂದು ದಿನ ನನ್ನ ಹತ್ತಿರ ಈ ವಿಷಯ ಇತ್ತು. ಇಪ್ಪತ್ತೊಂದು ದಿನ.

೧೭ ಮಾರ್ಚ್, ಭಾನುವಾರ

ಜಯಶೀಲ ಬಂದರು. ಅದೇ ಟೇಬಲ್. ಅಪ್ಪ ಎರಡು ಬನ್ಸ್ ಇಟ್ಟರು, ಚಟ್ನಿ ಇಟ್ಟರು, ಅಡುಗೆಮನೆಗೆ ಹೋದರು. ಹೋಟೆಲಿಗೆ ಬಂದವರಿಗೆ ತಿಂಡಿ ಇಲ್ಲ ಎನ್ನುವ ಅಭ್ಯಾಸ ಅವರಿಗಿಲ್ಲ. ನನಗಿದೆ. ಪ್ಲೇಟು ನನ್ನ ಕಡೆ ಎಳೆದುಕೊಂಡೆ.

"ಇನ್‌ಸ್ಪೆಕ್ಷನ್ ಬರ್ತದೆ ಶ್ರೀವಾಣಿ. ಕೇಳಿದ್ರೆ ಮಾಲು ನಿಮ್ಮ ಲ್ಯಾಬಿಗೇ ಬಂದಿದೆ ಅಂತ ಹೇಳು, ಅಷ್ಟೇ. ನನ್ನ ಕೆಲಸ ಹೋದ್ರೆ ಮಗಳ ಎಂಜಿನಿಯರಿಂಗ್ ಅರ್ಧಕ್ಕೆ ನಿಲ್ತದೆ. ನೀನು ನಮ್ಮವಳು ಅಂತ ನಾನು ನಿನಗೆ ಎಷ್ಟು ಮಾಡಿದ್ದೇನೆ, ಅದೊಂದು ನೆನಪುಂಟಾ?"

"ಎರಡೂಮುಕ್ಕಾಲು ಲಕ್ಷ ಲೀಟರ್ ಆಸಿಡ್ ನಾನು ಎಲ್ಲಿ ಇಟ್ಟಿದ್ದೇನೆ ಅಂತ ಹೇಳ್ಬೇಕು ಜಯಶೀಲಣ್ಣ? ಬಾತ್‌ರೂಮಿನ ಬಕೆಟ್ಟಿನಲ್ಲಾ?"

"ಮೆಲ್ಲಗೆ ಮಾತಾಡು."

"ಯಾಕೆ ಮೆಲ್ಲಗೆ? ಮೂರನೇ ಟೇಬಲಿನವರಿಗೂ ಕೇಳ್ಲಿ. ಪಾತ್ರೆ ತೊಳೆಯುವ ಜಾಗ ನೋಡಿ, ಖಾಲಿ ಇದೆ. ಅಲ್ಲಿದ್ದವರ ಕಣ್ಣು ಯಾರು ಕೊಡ್ತಾರೆ? ನೀವಾ, ನಿಮ್ಮ ಮಾಲೀಕರಾ, ನಾನಾ?"

ಮೂರನೇ ಟೇಬಲಿನವರು ತಿರುಗಿ ನೋಡಿದರು. ಅವರು ಎದ್ದು ಹೋದರು. ಹೋಗುವಾಗ ಅವರ ಕಣ್ಣಲ್ಲಿ ನೀರಿತ್ತು, ಅದಕ್ಕೂ ನನಗೆ ಸಿಟ್ಟು ಬಂತು. ಆ ಬನ್ಸ್ ಯಾರೂ ತಿನ್ನಲಿಲ್ಲ.

೧೯ ಮಾರ್ಚ್, ಮಂಗಳವಾರ

ರೈಲಿನಲ್ಲಿ ಕಲ್ಯಾಣ್‌ಗೆ ಹೋಗಿ, ಮಾಲಿನ್ಯ ನೋಡಿಕೊಳ್ಳುವ ಕಚೇರಿಯಲ್ಲಿ ಎರಡು ಗಂಟೆ ಕಾದೆ. ಅಧಿಕಾರಿ ಒಬ್ಬ ಹೆಂಗಸು, ನನ್ನ ಅಮ್ಮನ ವಯಸ್ಸು. ನನ್ನ ನಾಲ್ಕು ಪುಟದ ಹೇಳಿಕೆಯನ್ನು ಪೂರ್ತಿ ಓದಿದರು. ನೀರಿನ ಅಳತೆಯ ಹಾಳೆಗಳನ್ನೂ ನೋಡಿದರು.

"ವಿಚಾರ್ ಕರಾ, ಮ್ಯಾಡಮ್" ಎಂದರು, ಯೋಚನೆ ಮಾಡಿ ಎಂದು. ಆಮೇಲೆ ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ ವಿವರಿಸಿದರು. ಇದನ್ನು ಕೊಟ್ಟರೆ ಫ್ಯಾಕ್ಟರಿಗೆ ನೋಟಿಸ್ ಹೋಗುತ್ತದೆ. ಸುಳ್ಳು ಚಲನ್‌ಗೆ ಸಹಿ ಹಾಕಿದೆ ಎಂದು ನೀವೇ ಒಪ್ಪಿದ್ದೀರಿ, ನಿಮಗೂ ಹೋಗುತ್ತದೆ. ಎರಡನೆಯ ಪುಟದಲ್ಲಿ 'ಖಾಲಿ ಚಲನ್‌ಗಳಿಗೆ ನಾನೇ ಸಹಿ ಹಾಕಿದೆ' ಎಂಬ ಸಾಲಿದೆ, ಬೇಕಾದರೆ 'ನನ್ನನ್ನು ನಂಬಿಸಿ ಸಹಿ ಹಾಕಿಸಿದರು' ಎಂದು ಬದಲಿಸಿ ತನ್ನಿ.

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಬೇಡ ಎಂದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ನಾನು ಹಾಕಿದೆ, ಐವತ್ತು ಸಲ.

೬ ಏಪ್ರಿಲ್, ಶನಿವಾರ

ಫ್ಯಾಕ್ಟರಿಗೆ ಬೀಗ ಹಾಕಿದರು. ಹದಿಮೂರನೇ ದಿನಕ್ಕೆ ಮಾಲೀಕರು ಕೋರ್ಟಿನಿಂದ ತಡೆಯಾಜ್ಞೆ ತಂದು ಬೀಗ ತೆಗೆಸಿದರು. ಜಯಶೀಲರನ್ನು ಮಾತ್ರ ಕೆಲಸದಿಂದ ತೆಗೆದರು, ಎಲ್ಲ ಅವರೊಬ್ಬರೇ ಮಾಡಿದ್ದಂತೆ. ಮಾಲೀಕನ ಹೆಸರು ಯಾವ ಚಲನ್‌ನಲ್ಲೂ ಇಲ್ಲವಲ್ಲ! ಹೊಟ್ಟೆ ಉರಿದುಹೋಗುತ್ತದೆ. ನನ್ನ ರಿಜಿಸ್ಟ್ರೇಷನ್ ತಡೆಹಿಡಿದಿದ್ದಾರೆ. ಲ್ಯಾಬಿನ ಕೀಲಿ ಕೊಡಲು ಹೋದಾಗ ಸರ್ ನನ್ನ ಕಡೆ ನೋಡಲಿಲ್ಲ. ಪೇಪರಿನಿಂದ ವಿಮಲಾಬಾಯಿಯವರ ನೀರಿನ ಟೇಬಲ್ ತೆಗೆದುಹಾಕಿ ಎಂದು ಪತ್ರಿಕೆಗೆ ಬರೆದೆ. ಕಾರಣ ಕೇಳಿದ್ದಾರೆ. ಆ ನೀರು ಎಲ್ಲಿಂದ ಬಂತು ಎಂದು ಪೂರ್ತಿ ಬರೆದು ಕಳಿಸಿದ್ದೇನೆ, ಟೇಬಲ್ ಹಾಕುವುದಾದರೆ ಅದನ್ನೂ ಹಾಕಿ ಎಂದಿದ್ದೇನೆ.

ಇಡೀ ವಾರ ಹೋಟೆಲಿನಲ್ಲೇ ಇದ್ದೇನೆ.

೨೮ ಏಪ್ರಿಲ್, ಭಾನುವಾರ

ವಿಮಲಾಬಾಯಿ ಕೆಲಸಕ್ಕೆ ಬಂದರು. ಎಡಗಣ್ಣಿನಲ್ಲಿ ಬೆಳಕು ಬಿಟ್ಟು ಇನ್ನೇನೂ ಕಾಣುವುದಿಲ್ಲ. ಪ್ಲೇಟಿನ ಅಂಚನ್ನು ಬೆರಳಲ್ಲಿ ಸವರಿ ನೋಡಿ ತೊಳೆಯುತ್ತಾರೆ. ಪಕ್ಕದಲ್ಲಿ ಕೂತು ಒರೆಸಿ ಇಡುತ್ತಿದ್ದೆ. ಗೈಡ್‌ಗೆ, ಅಪ್ಪನಿಗೆ, ಸರ್ಕಾರಕ್ಕೆ, ಪತ್ರಿಕೆಗೆ ಎಲ್ಲರಿಗೂ ಹೇಳಿ ಆಗಿತ್ತು. ಇವರಿಗೆ ಹೇಳಿರಲಿಲ್ಲ. ಒರೆಸುವ ಬಟ್ಟೆ ಪಕ್ಕಕ್ಕಿಟ್ಟು ಹೇಳಿದೆ. ಆ ಟ್ಯಾಂಕರುಗಳು ಬಂದದ್ದು ನನ್ನ ಸಹಿಯ ಮೇಲೆ ಎಂದೆ. ನೀವು ಬಾಟಲಿ ತಂದುಕೊಟ್ಟ ಮೇಲೆ ನನಗೆ ಗೊತ್ತಾಯಿತು, ಆದರೂ ಇಪ್ಪತ್ತೊಂದು ದಿನ ಸುಮ್ಮನಿದ್ದೆ ಎಂದೆ.

ಅವರ ಕೈ ನಿಂತಿತು.

"ಐವತ್ತು ಹಾಳಿ ಅಂದ್ರಿ. ಒಂದೂ ಓದ್ಲಿಲ್ಲೇನ್ರೀ?"

"ಓದ್ಲಿಕ್ಕೆ ಏನೂ ಇರ್ಲಿಲ್ಲ ವಿಮಲಾಬಾಯಿ. ಖಾಲಿ ಇತ್ತು."

"ಖಾಲಿ ಇದ್ರ ಮತ್ತ ಯಾಕ ಹಾಕಿದ್ರಿ?"

ಕ್ಷಮಿಸಿ ಎಂದೆ. ಅವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ನಾ ಸಾಲಿ ಕಲ್ತಾಕಿ ಅಲ್ರೀ, ಹೆಬ್ಬೆಟ್ಟು ಒತ್ತಾಕಿ. ಆದ್ರ ಒತ್ತೂ ಮೊದ್ಲ ನಾಕು ಮಂದಿ ಕಡಿಂದ ಓದಿಸ್ಕೊಂತೀನಿ. ನಾಕೂ ಮಂದಿ ಒಂದ ಮಾತು ಹೇಳಿದ್ರ ಒತ್ತೂದು. ಇಲ್ಲಂದ್ರ ಇಲ್ಲ. ನೀವು ಇಷ್ಟು ಓದಿ..." ಎಂದು ಅಷ್ಟಕ್ಕೇ ನಿಲ್ಲಿಸಿ ನಲ್ಲಿ ಜೋರಾಗಿ ತಿರುಗಿಸಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಎಲ್ಲ ಪಾತ್ರೆ ಮುಗಿದ ಮೇಲೆ ಕೈ ಒರೆಸಿಕೊಂಡು, ಸೊಂಟದಿಂದ ಮಡಚಿದ ಕಾಗದ ತೆಗೆದು ನನ್ನ ಮುಂದೆ ಹಿಡಿದರು. ಫ್ಯಾಕ್ಟರಿ ಕಡೆಯವರು ಖೋಲಿಗಳಿಗೆ ಹಂಚಿ ಹೋಗಿದ್ದಾರಂತೆ, ನಾಳೆ ಬಂದು ಹೆಬ್ಬೆಟ್ಟು ತೆಗೆದುಕೊಳ್ಳುತ್ತಾರಂತೆ. ಮರಾಠಿಯಲ್ಲಿತ್ತು. ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಗ್ಯಾಸ್ ಬಂದದ್ದು ಗಟಾರದಿಂದ, ನಮಗೆ ಔಷಧಿಯ ಸಹಾಯ ಸಿಕ್ಕಿದೆ, ಯಾವ ಕಂಪನಿಯ ಮೇಲೂ ನಮ್ಮ ದೂರು ಇಲ್ಲ, ಮುಂದೆಯೂ ಇರುವುದಿಲ್ಲ. ಓದುತ್ತ ಓದುತ್ತ ನನ್ನ ಮೈ ಉರಿಯಿತು. ಕೊನೆಯ ಸಣ್ಣ ಅಕ್ಷರದ ಸಾಲನ್ನೂ ಬಿಡದೆ ಓದಿದೆ.

"ಇದಕ್ಕೆ ಹೆಬ್ಬೆಟ್ಟು ಒತ್ತಬೇಡಿ" ಎಂದೆ. "ಏನೇ ಆದರೂ ಒತ್ತಬೇಡಿ. ಬೇರೆ ಖೋಲಿಯವರಿಗೂ ಹೇಳಿ."

ಅವರು ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಮಡಚಿ, ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನೀವು ಮೂರನೇದವರು" ಎಂದರು. "ಇನ್ನೊಬ್ಬರನ್ನ ಕೇಳ್ತೀನ್ರೀ."